ಮೂಗಿನಲ್ಲಿ ‘ದಶ’, ಕಿವಿಯಲ್ಲಿ ಮಾಂಸ: ಹೇಗೆ ಬೆಳೆಯುತ್ತದೆ, ನೀವೇನು ಮಾಡಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ ಇಪ್ಪತ್ತು ವರ್ಷ ದಾಟಿತು. ಮಳೆಗಾಲ ಹಿಡಿದರೆ ಸಾಕು, ಯಾರಾದರೂ ಒಬ್ಬರು ಚೀಟಿ ಚಾಚಿ ಇದನ್ನೇ ಕೇಳುತ್ತಾರೆ. “ಡಾಕ್ಟ್ರು ಮೂಗಿನಲ್ಲಿ ದಶ ಅಂದ್ರು. ದಶ ಅಂದ್ರೆ ಎಂತ ಮಾರಾಯ್ರೆ? ಆಪರೇಶನ್ ಬೇಕಾ?” ಚೀಟಿಯಲ್ಲಿ ಪಾಲಿಪ್ ಎಂದು ಬರೆದಿರುತ್ತದೆ. ಮಲಯಾಳಿ ಡಾಕ್ಟರು ಬಾಯಲ್ಲಿ ಹೇಳುವುದು ದಶ. ಮಲಯಾಳದಲ್ಲಿ ಹಾಗೆಂದರೆ ಮಾಂಸ. ನಮ್ಮವರ ಕಿವಿಗೆ ಅದು ಶನಿದಶೆಯ ಹಾಗೆ ಕೇಳಿಸುತ್ತದೆ. ಕನ್ನಡದ ‘ದುರ್ಮಾಂಸ’ವೂ ಕಮ್ಮಿ ಏನಲ್ಲ, ಆ ಹೆಸರು ಕೇಳಿಯೇ ಕ್ಯಾನ್ಸರ್ ಎಂದು ಹೆದರುವವರಿದ್ದಾರೆ. ಆಯುರ್ವೇದದವರು ನಾಸಾರ್ಶ ಎನ್ನುತ್ತಾರೆ. ಮೂಲವ್ಯಾಧಿಗೂ ಅದೇ ಅರ್ಶ ಎಂಬ ಪದ. ಹೆಸರುಗಳ ಗೊಂದಲವೇ ಇಷ್ಟಿದೆ.

ನಾನು ಡಾಕ್ಟರಲ್ಲ, ಮದ್ದು ಕೊಡುವವನು. ಕಾಯಿಲೆ ಯಾವುದೆಂದು ನೋಡಿ ಹೇಳುವುದು ಅವರ ಕೆಲಸ. ಆದರೆ ಅವರ ಕೋಣೆಯಲ್ಲಿ ನಿಮಗೆ ಸಿಗುವುದು ಐದು ನಿಮಿಷ. ಕೇಳದೆ ಉಳಿದ ಪ್ರಶ್ನೆಗಳೆಲ್ಲ ನನ್ನ ಕೌಂಟರಿಗೆ ಬರುತ್ತವೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ. ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಮೂಗಿನ ದಶ ಒಮ್ಮೆ ಕಿತ್ತು ಬಿಸಾಡಿದರೆ ಮುಗಿಯುವಂಥದ್ದಲ್ಲ, ಒಳಗಿನ ಪೊರೆ ಬಹಳ ಕಾಲ ಊದಿಕೊಂಡೇ ಇದ್ದುದರ ಗುರುತು ಅದು. ಕಿವಿಯ ಮಾಂಸದ ಸಂಗತಿ ಬೇರೆಯೇ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಪೆಟ್ಟು ಬೀಳುವುದು ಕಿವಿಗೆ.

ಬೆಳೆಯುವುದು ಹೇಗೆ?

ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮೂರ ಹಳೇ ಗೋಡೆಗಳನ್ನು ನೋಡಿದ್ದೀರಲ್ಲ. ಮುರಕಲ್ಲು ನೀರು ಕುಡಿದು ಕೂತಿರುತ್ತದೆ. ಒಳಗಿನ ತೇವ ಹೊರಗೆ ಬರಲು ನೋಡುತ್ತದೆ. ಮೇಲಿನ ಬಣ್ಣ ಅಲ್ಲಲ್ಲಿ ಉಬ್ಬಿ ಗುಳ್ಳೆಯಾಗುತ್ತದೆ. ಆಮೇಲೆ ಆ ಗುಳ್ಳೆ ತನ್ನ ಭಾರಕ್ಕೇ ಕೆಳಗೆ ಜೋಲುತ್ತದೆ. ಮೂಗಿನೊಳಗೆ ಆಗುವುದೂ ಹೆಚ್ಚುಕಮ್ಮಿ ಇದೇ.

ಮೂಗಿನ ಒಳಗೋಡೆಗೆ ಒದ್ದೆಯಾದ ತೆಳು ಪೊರೆ ಹಾಸಿರುತ್ತದೆ. ಅದಕ್ಕೆ ಲೋಳೆಪೊರೆ ಎನ್ನುತ್ತಾರೆ. ಮೂಗಿನ ಸುತ್ತಲಿನ ಮೂಳೆಯೊಳಗೆ ಗಾಳಿ ತುಂಬಿದ ಗೂಡುಗಳಿವೆ, ಎಡಬಲ ಸೇರಿ ನಾಲ್ಕು ಜೊತೆ. ಅವೇ ಸೈನಸ್. ಅಲ್ಲೂ ಇದೇ ಪೊರೆ. ಕಣ್ಣುಗಳ ನಡುವೆ ಇರುವ ಎತ್ಮಾಯ್ಡ್ ಸೈನಸ್ ಜೇನುಗೂಡಿನ ಹಾಗೆ, ಬರೀ ಸಂದುಗೊಂದು. ದಶ ಹುಟ್ಟುವುದು ಜಾಸ್ತಿ ಅಲ್ಲೇ. ಪೊರೆ ತಿಂಗಳುಗಟ್ಟಲೆ ಕೆರಳಿ ಊದಿಕೊಂಡಿದ್ದರೆ ಅದರೊಳಗೆ ಬಿಳಿ ರಕ್ತಕಣಗಳು ಬಂದು ತುಂಬುತ್ತವೆ. ಅವುಗಳಲ್ಲಿ ಇಯೊಸಿನೋಫಿಲ್ ಎಂಬ ಜಾತಿಯದು ಹೆಚ್ಚು. ಸಣ್ಣ ರಕ್ತನಾಳಗಳಿಂದ ನೀರಿನಂಥ ದ್ರವ ಸೋರಿ ಪೊರೆಯ ಅಡಿಯಲ್ಲಿ ನಿಲ್ಲುತ್ತದೆ. ಪೊರೆ ಉಬ್ಬುತ್ತದೆ, ಸಂದಿನಿಂದ ಹೊರಗೆ ಇಳಿಯುತ್ತದೆ, ಕೊನೆಗೆ ತೊಟ್ಟಿನಲ್ಲಿ ನೇತಾಡುತ್ತದೆ.

ನೋಡಲು ಹೇಗಿರುತ್ತದೆ? ತುಳುವ ಹಲಸಿನ ಸೊಳೆ ನೆನಪಿಸಿಕೊಳ್ಳಿ. ಗಟ್ಟಿ ಸೊಳೆಯ ಬಕ್ಕೆ ಅಲ್ಲ, ಮೆತ್ತಗಿನ ತುಳುವ. ಬಣ್ಣ ಮಾತ್ರ ಹಳದಿಯಲ್ಲ, ಬೂದು ಬಿಳುಪು. ಮೆತ್ತಗೆ, ನುಣುಪಾಗಿ, ಸ್ವಲ್ಪ ಬೆಳಕು ಹಾಯುವ ಹಾಗೆ. ಡಾಕ್ಟರು ಕಡ್ಡಿಯಿಂದ ಮುಟ್ಟಿದರೂ ನೋವಾಗುವುದಿಲ್ಲ. ನೋವಿಲ್ಲದ್ದರಿಂದಲೇ ಜನ ವರ್ಷಗಟ್ಟಲೆ ಸುಮ್ನಿರುತ್ತಾರೆ.

ಕೆಲವರಿಗೇ ಯಾಕೆ ಬರುತ್ತದೆ? ಆಸ್ತಮಾ ಇದ್ದವರಲ್ಲಿ ಜಾಸ್ತಿ. ಆಸ್ಪಿರಿನ್ ಆಗದವರಲ್ಲಿ ಇನ್ನೂ ಜಾಸ್ತಿ. ಮನೆಯಲ್ಲಿ ಇನ್ನೊಬ್ಬರಿಗಿದ್ದರೂ ಸಾಧ್ಯತೆ ಹೆಚ್ಚು. ಸೈನಸ್ಸಿನಲ್ಲಿ ಬೂಸ್ಟು ಸೇರಿ, ಅದಕ್ಕೆ ಮೈ ಅಲರ್ಜಿ ತೋರಿಸಿದಾಗಲೂ ಬರುತ್ತದೆ. ಸೆಕೆ, ತೇವ ಎರಡೂ ಇರುವ ನಮ್ಮಂಥ ಊರುಗಳಲ್ಲಿ ಆ ಬಗೆ ಕಾಣಸಿಗುವುದುಂಟು. ಆಗ ಒಳಗಿನಿಂದ ಬರುವ ಸಿಂಬಳ ಅರೆದ ನೆಲಗಡಲೆಯ ಹಾಗೆ ದಪ್ಪ, ಅಂಟು. ಒಣ ಅಡಕೆ ಸುಲಿಯುವ ಧೂಳಿನಿಂದಲೇ ದಶ ಬಂತು ಎನ್ನಲಾಗದು. ಆದರೆ ಮೊದಲೇ ಊದಿದ ಪೊರೆಗೆ ಆ ಧೂಳು, ಬೀಡಿ ಹೊಗೆ, ಮುರಕಲ್ಲು ಕೊಯ್ಯುವ ಪುಡಿ ಎಲ್ಲವೂ ಕಿರಿಕಿರಿ. ಮುಖಕ್ಕೆ ಮಾಸ್ಕ್ ಕಟ್ಟಿ ಕೆಲಸ ಮಾಡಿ. ಮಜ್ಜಿಗೆ ಕುಡಿದರೆ, ತಲೆಗೆ ತಣ್ಣೀರು ಹಾಕಿದರೆ ದಶ ಬೆಳೆಯುವುದಿಲ್ಲ. ಅಜ್ಜಿಯರು ಬೈದರೆ ನನ್ನ ಹೆಸರು ಹೇಳಿ.

ಹಂತ 1: ಅದು ದಶವೇ ಹೌದಾ ನೋಡಿ

ಮನೆಯಲ್ಲಿ ಟಾರ್ಚ್ ಹಿಡಿದು ಮೂಗಿನೊಳಗೆ ಇಣುಕಿ, “ಇದೋ ಮಾಂಸ ಕಾಣುತ್ತದೆ” ಎಂದು ಓಡಿಬರುವವರು ಬಹಳ. ಹತ್ತಿರದಲ್ಲೇ, ಗುಲಾಬಿ ಬಣ್ಣದಲ್ಲಿ, ಗಟ್ಟಿಯಾಗಿ, ಮುಟ್ಟಿದರೆ ನೋಯುವಂಥದ್ದು ಕಂಡರೆ ಅದು ಎಲ್ಲರಿಗೂ ಇರುವ ಅಂಗ. ಟರ್ಬಿನೇಟ್ ಎಂದು ಹೆಸರು, ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ ಮಾಡುವುದು ಅದರ ಕೆಲಸ. ಶೀತ, ಅಲರ್ಜಿ ಆದಾಗ ಅದೂ ಊದುತ್ತದೆ. ಮಕ್ಕಳಿಗೆ “ಮೂಗಿನ ಹಿಂದೆ ಮಾಂಸ” ಎಂದರೆ ಸಾಮಾನ್ಯವಾಗಿ ಅಡಿನಾಯ್ಡ್. ಬಾಯಿ ತೆರೆದು ಮಲಗುವುದು, ಗೊರಕೆ ಅದರಿಂದ. ಈ ಎರಡೂ ದಶವಲ್ಲ. ಸಣ್ಣ ಮಕ್ಕಳಲ್ಲಿ ನಿಜವಾದ ದಶ ಅಪರೂಪ. ಕಂಡರೆ ಅದರ ಹಿಂದೆ ಬೇರೆ ಕಾಯಿಲೆ ಇದೆಯೇ ಎಂದು ಡಾಕ್ಟರು ಹುಡುಕುತ್ತಾರೆ.

ನಿಜವಾದ ದಶದ ಲಕ್ಷಣ ಇವು: ಎರಡೂ ಬದಿ ಕಟ್ಟಿಕೊಂಡೇ ಇರುವ ಮೂಗು. ಗಂಟಲಿನ ಹಿಂದೆ ಇಳಿಯುವ ಸಿಂಬಳ. ಮುಖ ಭಾರ. ಎಲ್ಲಕ್ಕಿಂತ ಮುಖ್ಯವಾಗಿ ವಾಸನೆ ಹೋಗುವುದು. ಇಂಗಿನ ಒಗ್ಗರಣೆ, ಹುರಿದ ಕಾಫಿಬೀಜ ಗೊತ್ತಾಗದಿದ್ದರೆ ಗಮನಿಸಿ. ಮಾತೂ ಬದಲಾಗುತ್ತದೆ. ಗಾಳಿ ಮೂಗಿನಿಂದ ಹೊರಗೆ ಬರದ್ದರಿಂದ ‘ಮ’ ಹೋಗಿ ‘ಬ’, ‘ನ’ ಹೋಗಿ ‘ದ’ ಆಗುತ್ತದೆ. ‘ಮನೆ’ ಎಂದು ಹೇಳಿ ನೋಡಿ. ‘ಬದೆ’ ಎಂದು ಕೇಳಿಸಿದರೆ ಮೂಗು ಪೂರ್ತಿ ಕಟ್ಟಿದೆ ಎಂದರ್ಥ.

ವಾಸನೆ ಇಲ್ಲದವರು ಇನ್ನೊಂದು ನೆನಪಿಡಿ. ಅಡುಗೆ ಗ್ಯಾಸ್ ಸೋರಿದರೆ ನಿಮಗೆ ತಿಳಿಯುವುದಿಲ್ಲ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿಯೇ ಮಲಗಿ. ಹಳಸಿದ ಸಾರು ಊಟಕ್ಕೆ ಕೂತ ಇನ್ನೊಬ್ಬರ ಮೂಗಿಗೆ ಬಿಡಿ.

ಹಂತ 2: ಒಂದು ಬದಿಯೋ, ಎರಡು ಬದಿಯೋ?

ಇದು ಸಣ್ಣ ಪ್ರಶ್ನೆಯ ಹಾಗೆ ಕಾಣುತ್ತದೆ. ಡಾಕ್ಟರಿಗೆ ಇದೇ ದೊಡ್ಡ ಪ್ರಶ್ನೆ. ಸಾಮಾನ್ಯ ದಶ ಎರಡೂ ಬದಿ ಇರುತ್ತದೆ. ಒಂದೇ ಬದಿ ಕಟ್ಟಿದರೆ ತಡಮಾಡಬೇಡಿ.

ಹರೆಯದವರಲ್ಲಿ ಕೆನ್ನೆಯ ಸೈನಸ್ಸಿನಿಂದ ಒಂದೇ ಒಂದು ದಶ ಹುಟ್ಟಿ ಹಿಂದಕ್ಕೆ, ಗಂಟಲಿನ ಕಡೆಗೆ ಇಳಿಯುವುದುಂಟು. ಅದು ಕೆಟ್ಟದ್ದಲ್ಲ, ಆಪರೇಶನ್‌ನಲ್ಲಿ ಹುಟ್ಟಿದ ಜಾಗ ಸಮೇತ ತೆಗೆಯುತ್ತಾರೆ. ಆದರೆ ಒಂದೇ ಬದಿ, ಜೊತೆಗೆ ರಕ್ತ ಎಂದರೆ ಗೆಡ್ಡೆಯೂ ಇರಬಹುದು. ಕೆಲವು ಗೆಡ್ಡೆ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಹದಿಹರೆಯದ ಹುಡುಗರಿಗೆ ಮತ್ತೆ ಮತ್ತೆ ಮೂಗಿನಿಂದ ಜೋರು ರಕ್ತ ಬಂದರೆ ರಕ್ತನಾಳಗಳ ಗೆಡ್ಡೆಯ ಅನುಮಾನ. ಅಂಥದ್ದನ್ನು ಸ್ಕ್ಯಾನ್ ಮಾಡದೆ ಯಾರೂ ಚಿವುಟಬಾರದು. ಸಣ್ಣ ಮಗುವಿಗೆ ಒಂದೇ ಬದಿಯಿಂದ ನಾರುವ ಸಿಂಬಳ ಬಂದರೆ ಹುಣಸೆಬೀಜವೋ ಮಣಿಯೋ ಒಳಗೆ ಹೋಗಿರಬಹುದು. ಗಡಿಯಾರದ ಗುಂಡು ಸೆಲ್ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸುಡುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಂದು ಬಗೆ ನಮ್ಮ ಕಡೆಯವರು ತಿಳಿದಿರಲೇಬೇಕಾದ್ದು. ಕೆಂಪಾಗಿ, ಮೇಲೆ ಬಿಳಿ ಚುಕ್ಕೆ ಚುಕ್ಕೆಯಾಗಿ, ಮುಟ್ಟಿದರೆ ರಕ್ತ ಬರುವ ಮಾಂಸ. ಇದಕ್ಕೆ ರೈನೋಸ್ಪೊರಿಡಿಯೋಸಿಸ್ ಎಂದು ಹೆಸರು. 1900ರಲ್ಲಿ ಮೊದಲು ವರದಿಯಾದದ್ದು ದೂರದ ಅರ್ಜೆಂಟಿನಾದಲ್ಲಿ. ಆದರೆ ಜಾಸ್ತಿ ಕಾಣುವುದು ಭಾರತ, ಶ್ರೀಲಂಕಾದಲ್ಲೇ. ಬಹಳ ಕಾಲ ಅದನ್ನು ಬೂಸ್ಟಿನ ಜಾತಿ ಎಂದುಕೊಂಡಿದ್ದರು. ಈಗ ಬೇರೆಯೇ ಗುಂಪಿನ ಸೂಕ್ಷ್ಮಜೀವಿ ಎನ್ನುತ್ತಾರೆ. ನಿಂತ ನೀರಿನಲ್ಲಿ ಸ್ನಾನ ಮಾಡುವವರಿಗೆ, ಹೊಳೆಯಿಂದ ಮರಳು ತೆಗೆಯುವವರಿಗೆ ಬರುವುದು ಹೆಚ್ಚು. ಕಣ್ಣಿನ ರೆಪ್ಪೆಯೊಳಗೂ ಬರುತ್ತದೆ. ಇದಕ್ಕೆ ಸ್ಪ್ರೇ ನಡೆಯುವುದಿಲ್ಲ. ಕತ್ತರಿಸಿ ಬುಡ ಸುಡಬೇಕು, ಆದರೂ ಮರಳಿ ಬರಬಹುದು. ಹಾಗಾಗಿ ಕೆರೆಯಲ್ಲೋ, ಕಲ್ಲು ತೆಗೆದು ಬಿಟ್ಟ ಹೊಂಡದಲ್ಲೋ ಮೀಯುವ ಅಭ್ಯಾಸ ಇದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ದಿನ ಹೋಗಿ: ಕಣ್ಣಿನ ಸುತ್ತ ಊತ, ದೃಷ್ಟಿ ಮಂಜು ಅಥವಾ ಎರಡೆರಡು ಕಾಣುವುದು, ಜ್ವರದ ಜೊತೆ ಜೋರು ತಲೆನೋವು, ಸಕ್ಕರೆ ಕಾಯಿಲೆಯವರ ಮೂಗಿನಲ್ಲಿ ಕಪ್ಪು ಹಕ್ಕಳೆ.

ಹಂತ 3: ಡಾಕ್ಟರ ಬಳಿಗೆ ಹೋಗುವ ಮೊದಲು

ಹೋಗಬೇಕಾದ್ದು ಕಿವಿ, ಮೂಗು, ಗಂಟಲಿನ ಡಾಕ್ಟರಲ್ಲಿಗೆ. ಸರ್ಕಾರಿ ಆಸ್ಪತ್ರೆಗೆ ಹೋಗುವುದಾದರೆ ಅವರ ಒ.ಪಿ. ಯಾವ ದಿನ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಎಣ್ಮಕಜೆಯಿಂದಲೋ ಪೈವಳಿಕೆಯಿಂದಲೋ ಎರಡು ಬಸ್ಸು ಬದಲಿಸಿ ಹೋಗಿ, “ಇವತ್ತಿಲ್ಲ” ಎನ್ನಿಸಿಕೊಂಡು ಬರುವುದು ಯಾರಿಗೆ ಬೇಕು?

ಮಲಯಾಳ ಬಾರದವರಿಗೆ ಮೂರು ಮಾತು ಸಾಕು. ‘ಮೂಕ್ಕಡಪ್ಪ್’ ಎಂದರೆ ಮೂಗು ಕಟ್ಟುವುದು. ‘ಮಣಂ ಅರಿಯುನ್ನಿಲ್ಲ’ ಎಂದರೆ ವಾಸನೆ ಗೊತ್ತಾಗುವುದಿಲ್ಲ. ‘ಚೆವಿಯೊಲಿಪ್ಪ್’ ಎಂದರೆ ಕಿವಿ ಸೋರುವುದು.

ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಎಷ್ಟು ತಿಂಗಳಾಯಿತು, ಯಾವ ಬದಿ, ದಮ್ಮು ಇದೆಯೇ, ಸಕ್ಕರೆ, ಬಿಪಿ, ಈಗ ತಿನ್ನುವ ಮಾತ್ರೆಗಳು. ನೋವಿನ ಮಾತ್ರೆ ತಿಂದಾಗ ದಮ್ಮು ಕಟ್ಟಿದ್ದುಂಟೇ ಎಂಬುದನ್ನು ಮರೆಯಬೇಡಿ. ಆಸ್ತಮಾ, ದಶ, ಆಸ್ಪಿರಿನ್ ಆಗದಿರುವುದು ಮೂರೂ ಒಬ್ಬರಲ್ಲೇ ಸೇರುವುದುಂಟು. ಅಂಥವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡಿಕ್ಲೊಫೆನಾಕ್ ಇವುಗಳಲ್ಲಿ ಯಾವುದಾದರೂ ಒಂದೇ ಒಂದು ಮಾತ್ರೆ ಜೀವಕ್ಕೆ ಕುತ್ತು ತರಬಹುದು. ಸೊಂಟನೋವಿಗೆ ಎಂದು ನನ್ನ ಅಂಗಡಿಯಲ್ಲಿ ಮಾತ್ರೆ ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, “ದಮ್ಮು ಉಂಟಾ?” ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಡಾಕ್ಟರು ಮೂಗಿಗೆ ಮರಗಟ್ಟಿಸುವ ಮದ್ದು ಬಿಟ್ಟು, ತೆಳ್ಳಗಿನ ದುರ್ಬೀನು ಹಾಕಿ ನೋಡುತ್ತಾರೆ. ಇದೇ ಎಂಡೋಸ್ಕೋಪಿ. ಕೆಲವು ನಿಮಿಷದ ಕೆಲಸ, ಮುಜುಗರ ಇದೆ, ನೋವು ಅಷ್ಟಿಲ್ಲ. ಸಿ.ಟಿ. ಸ್ಕ್ಯಾನ್ ಎಲ್ಲರಿಗೂ ಮೊದಲ ದಿನವೇ ಬೇಕಾಗುವುದಿಲ್ಲ. ಮಾಡಿಸಿದರೆ ಫಿಲಂ, ರಿಪೋರ್ಟ್ ಎರಡೂ ನಿಮ್ಮಲ್ಲೇ ಇರಲಿ. ನಾವು ಅರ್ಧ ಚಿಕಿತ್ಸೆ ಇಲ್ಲಿ, ಅರ್ಧ ಮಂಗಳೂರಿನಲ್ಲಿ ಮಾಡಿಸುವವರು. 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಕಾಗದಪತ್ರವೆಲ್ಲ ಆಚೆ ಇಟ್ಟವರ ಪಾಡು ಏನಾಯಿತೆಂದು ನೋಡಿದ್ದೇವೆ.

ಹಂತ 4: ಮೂಗು ತೊಳೆಯುವುದು

ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಚಿಕಿತ್ಸೆಯ ಅರ್ಧ ಭಾಗ ಇದರಲ್ಲೇ ಇದೆ. ಸಿಂಬಳ, ಧೂಳು ತೊಳೆದು ಹೋದರೆ ಮಾತ್ರ ಆಮೇಲೆ ಹೊಡೆಯುವ ಸ್ಪ್ರೇ ಪೊರೆಗೆ ತಾಗುತ್ತದೆ.

ಒಂದು ಲೀಟರ್ ನೀರು ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಬಿಡಿ. ಉಗುರುಬೆಚ್ಚಗಾದ ಮೇಲೆ ಒಂದೂವರೆ ಚಹಾ ಚಮಚ ಪುಡಿ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ ಹಾಕಿ ಕದಡಿ. ಚಮಚ ಸಮತಟ್ಟಾಗಿರಲಿ, ಗುಡ್ಡೆ ಬೇಡ. ಕಣ್ಣೀರಿನಷ್ಟು ಉಪ್ಪಾದರೆ ಸರಿ. ಉಪ್ಪಿಲ್ಲದ ನೀರು ಹಾಕಿದರೆ ಮೂಗು ಉರಿಯುತ್ತದೆ, ಆಮೇಲೆ “ನನಗೆ ಇದು ಆಗುವುದಿಲ್ಲ” ಎಂದು ಬಿಟ್ಟುಬಿಡುತ್ತೀರಿ. ಬೇಡವಾದರೆ ಅಂಗಡಿಯಲ್ಲಿ ಪುಡಿಯ ಪ್ಯಾಕೆಟ್ ಸಿಗುತ್ತದೆ.

ಸಿಂಕಿನ ಮೇಲೆ ಮುಂದಕ್ಕೆ ಬಾಗಿ. ತಲೆ ಸ್ವಲ್ಪ ಒಂದು ಬದಿಗೆ. ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ಮೇಲಿನ ಹೊಳ್ಳೆಗೆ ಬಾಟಲಿ ಇಟ್ಟು ಮೆಲ್ಲಗೆ ಒತ್ತಿ. ನೀರು ಇನ್ನೊಂದು ಹೊಳ್ಳೆಯಿಂದಲೋ ಬಾಯಿಂದಲೋ ಇಳಿಯುತ್ತದೆ. ಎರಡೂ ಬದಿ ಮಾಡಿ. ಕೊನೆಗೆ ಒಂದೊಂದೇ ಬದಿ ಮೆತ್ತಗೆ ಸೀಟಿ. ಎರಡೂ ಹೊಳ್ಳೆ ಮುಚ್ಚಿ ಜೋರಾಗಿ ಸೀಟಿದರೆ ಮೂಗಿನ ಕೊಳೆ ಕಿವಿಗೆ ನುಗ್ಗುತ್ತದೆ. ಕಿವಿಯ ತಮಟೆಯಲ್ಲಿ ತೂತು ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.

ಇಲ್ಲಿ ದೊಡ್ಡ ಎಚ್ಚರಿಕೆ. ಗುಡ್ಡ ಕೊರೆದ ಸುರಂಗದ ನೀರು ಎಷ್ಟೇ ತಿಳಿಯಾಗಿರಲಿ, ಬಾವಿ ನೀರು ಎಷ್ಟೇ ಸಿಹಿಯಾಗಿರಲಿ, ನಳ್ಳಿ ನೀರೇ ಆಗಲಿ, ಕುದಿಸದೆ ಮೂಗಿಗೆ ಹಾಕಬೇಡಿ. 2024, 2025ರಲ್ಲಿ ಕೇರಳದ ಪತ್ರಿಕೆಗಳ ತುಂಬ ಬಂದ ಅಮೀಬಿಕ್ ಮಸ್ತಿಷ್ಕ ಜ್ವರ ನೆನಪಿದೆಯಲ್ಲ? ಅದನ್ನು ತರುವವುಗಳಲ್ಲಿ ನೇಗ್ಲೇರಿಯ ಎಂಬ ಅಮೀಬಾ ಒಂದು. ಅದಿರುವ ನೀರು ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನ ಮೂಲಕ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತದೆ. ಬಾಟಲಿಯನ್ನೂ ದಿನಾ ತೊಳೆದು ಒಣಗಿಸಿ.

ಹಂತ 5: ಸ್ಪ್ರೇ ಹೊಡೆಯುವ ಕ್ರಮ

ಮೊಮೆಟಸೋನ್, ಫ್ಲುಟಿಕಸೋನ್, ಬುಡೆಸೊನೈಡ್. ಡಾಕ್ಟರು ಬರೆಯುವುದು ಹೆಚ್ಚಾಗಿ ಇವುಗಳಲ್ಲಿ ಒಂದು. ಎಲ್ಲವೂ ಸ್ಟೆರಾಯ್ಡ್. ಆ ಪದ ಕೇಳಿದ ಕೂಡಲೇ ಡಬ್ಬಿ ವಾಪಸ್ ತಳ್ಳುವವರಿದ್ದಾರೆ. ಲೆಕ್ಕ ನೋಡಿ. ಮೊದಲ ಎರಡರಲ್ಲಿ ಒಂದು ಪಫ್‌ಗೆ ಸಾಮಾನ್ಯವಾಗಿ 50 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಇಪ್ಪತ್ತರಲ್ಲಿ ಒಂದು ಪಾಲು. ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಕಣ್ಣಿನ ಒತ್ತಡ ಅಥವಾ ಪೊರೆ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಅಷ್ಟೇ.

ತಪ್ಪಾಗುವುದು ಹೊಡೆಯುವ ರೀತಿಯಲ್ಲಿ. ಆಕಾಶ ನೋಡುತ್ತಾ, ನಡುವಿನ ಗೋಡೆಗೆ ಗುರಿಯಿಟ್ಟು, ಜೋರಾಗಿ ಎಳೆದುಕೊಳ್ಳುತ್ತಾರೆ. ಮದ್ದೆಲ್ಲ ಗಂಟಲಿಗೆ ಇಳಿಯುತ್ತದೆ, ನಡುಗೋಡೆ ಒಣಗಿ ರಕ್ತ ಬರುತ್ತದೆ. ಸರಿಯಾದ ಕ್ರಮ ಹೀಗೆ: ಬಾಟಲಿ ಕುಲುಕಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಕಾಲಿನ ಹೆಬ್ಬೆರಳು ನೋಡಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಕೈ ಅಡ್ಡ ಹೋದಾಗ ತುದಿ ತಾನಾಗಿಯೇ ಕಿವಿಯ ಕಡೆಗೆ ತಿರುಗುತ್ತದೆ. ಹೂವು ಮೂಸಿದಷ್ಟು ಮೆಲ್ಲಗೆ ಉಸಿರೆಳೆಯಿರಿ. ಗಂಟಲಿನಲ್ಲಿ ಕಹಿ ಬಂದರೆ ಜೋರಾಯಿತು ಎಂದರ್ಥ.

ಇನ್ನೊಂದು ತಪ್ಪು ಅವಸರ. ಈ ಸ್ಪ್ರೇ ಇವತ್ತು ಹೊಡೆದರೆ ಇವತ್ತೇ ಮೂಗು ಬಿಡುವುದಿಲ್ಲ. ಕೆಲವು ವಾರ ಬೇಕು, ಸರಿಯಾಗಿ ಅಂದಾಜು ಮಾಡಲು ಎರಡು ಮೂರು ತಿಂಗಳು. ಹತ್ತು ದಿನಕ್ಕೆ ಬೇಸತ್ತು ಬಂದು, “ಇದು ಬೇಡ, ಕೂಡಲೇ ಮೂಗು ಬಿಡುವ ಡ್ರಾಪ್ಸ್ ಕೊಡಿ” ಎನ್ನುತ್ತಾರೆ. ಅದು ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್. ಎರಡೇ ನಿಮಿಷದಲ್ಲಿ ಮೂಗು ಬಿಡುವುದು ಹೌದು. ಆದರೆ ದಶವನ್ನು ಕರಗಿಸುವುದಿಲ್ಲ. ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಅದರ ಬಲ ಇಳಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮತ್ತೆ ಹಾಕಬೇಕು, ಮತ್ತೆ ಕಟ್ಟುತ್ತದೆ. ದಿಂಬಿನಡಿ ಡಬ್ಬಿ ಇಟ್ಟು ವರ್ಷಗಟ್ಟಲೆ ಮಲಗಿದವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ನಾನೂ ಮಾರಿದ್ದೇನೆ, ಸುಳ್ಳು ಯಾಕೆ ಹೇಳಲಿ.

ತುಂಬೆ ರಸ, ಶುಂಠಿ ರಸ ಮೂಗಿಗೆ ಬಿಡಬೇಡಿ. ಉರಿದು ನೀರು ಸುರಿದಾಗ “ಎಲ್ಲ ಹೊರಗೆ ಬಂತು” ಅನ್ನಿಸುತ್ತದೆ, ಪೊರೆ ಇನ್ನಷ್ಟು ಊದುತ್ತದೆ. ಒಂದೇ ದಿನದಲ್ಲಿ ಬೇರು ಸಮೇತ ಸುಟ್ಟು ತೆಗೆಯುತ್ತೇವೆ ಎನ್ನುವವರಿಂದ ದೂರ ಇರಿ.

ಹಂತ 6: ಮಾತ್ರೆ ಮತ್ತು ಆಪರೇಶನ್

ದಶ ದೊಡ್ಡದಾಗಿದ್ದರೆ ಸ್ಟೆರಾಯ್ಡ್ ಮಾತ್ರೆ ಕೆಲವು ದಿನಕ್ಕೆ ಕೊಡುತ್ತಾರೆ. ಕುಗ್ಗುತ್ತದೆ, ವಾಸನೆ ಮರಳಿ ಬರುತ್ತದೆ, ಭಾರೀ ಖುಷಿಯಾಗುತ್ತದೆ. ಅದೇ ಅಪಾಯ. ಮುಂದಿನ ಸಲ ಹಳೇ ಚೀಟಿ ತೋರಿಸಿ ಅದನ್ನೇ ಕೇಳುತ್ತೀರಿ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಅಡಗಿದ ಕ್ಷಯ ಎದ್ದು ಬರಬಹುದು. ಡಾಕ್ಟರು ಹೇಳದೆ ಎರಡನೇ ಸಲ ಬೇಡ.

ಇದ್ಯಾವುದಕ್ಕೂ ಬಗ್ಗದಿದ್ದರೆ ಆಪರೇಶನ್. ಚೀಟಿಯಲ್ಲಿ ಎಫ್.ಇ.ಎಸ್.ಎಸ್. ಎಂದಿರುತ್ತದೆ, ಬಾಯಲ್ಲಿ ‘ಫೆಸ್’. ದುರ್ಬೀನಿನಿಂದ ನೋಡುತ್ತಾ ಹೊಳ್ಳೆಯ ಒಳಗಿನಿಂದಲೇ ದಶ ತೆಗೆದು ಸೈನಸ್ಸಿನ ಬಾಗಿಲು ಅಗಲ ಮಾಡುತ್ತಾರೆ. ಮುಖದ ಮೇಲೆ ಗಾಯ ಇರುವುದಿಲ್ಲ. 1980ರ ದಶಕದಿಂದ ಬಳಕೆಗೆ ಬಂದ ಕ್ರಮ ಇದು. ತೆಗೆದ ಮಾಂಸವನ್ನು ಪರೀಕ್ಷೆಗೆ ಕಳಿಸಿದರೇ ಎಂದು ಕೇಳಿ, ರಿಪೋರ್ಟ್ ಪಡೆಯಿರಿ.

“ಆಪರೇಶನ್ ಮಾಡಿದರೂ ಮತ್ತೆ ಬರುತ್ತದಂತೆ, ಮತ್ತೆ ಯಾಕೆ?” ಎಂದು ಕೇಳುತ್ತೀರಿ. ಬರುತ್ತದೆ, ಹೌದು. ಗುಳ್ಳೆ ಕೆರೆದು ಬಣ್ಣ ಹಚ್ಚಿದ್ದೀರಿ, ಗೋಡೆಯ ತೇವ ಹೋಗಿಲ್ಲ. ಆದರೆ ಬಾಗಿಲು ತೆರೆದದ್ದರಿಂದ ತೊಳೆಯುವ ನೀರು, ಸ್ಪ್ರೇ ಈಗ ಒಳಗೆ ತಲುಪುತ್ತವೆ. ಆಪರೇಶನ್ ಆಯಿತೆಂದು ಅವೆರಡನ್ನೂ ಬಿಟ್ಟವರಿಗೇ ಬೇಗ ಮರಳುತ್ತದೆ. ತೀರಾ ಹಠದ ದಶಕ್ಕೆ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಬೆಲೆ ನಮ್ಮಂಥವರ ಕೈಗೆ ಎಟಕುವಂಥದ್ದಲ್ಲ.

ಆಪರೇಶನ್ ಆದ ಮೇಲೆ ಡಾಕ್ಟರು ಹೇಳುವ ತನಕ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ತೆಂಗಿನಕಾಯಿ ಗೋಣಿ ಎತ್ತುವುದು, ಬಗ್ಗಿ ಅಡಕೆ ಹೆಕ್ಕುವುದು ಕೆಲವು ವಾರ ಬೇಡ. ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬರುವವರು ಮದುವೆ, ಗೃಹಪ್ರವೇಶ ಎಲ್ಲ ಮುಗಿಸಿ ಕೊನೇ ವಾರ ಆಪರೇಶನ್‌ಗೆ ಹೋಗುತ್ತಾರೆ. ಮೊದಲ ವಾರವೇ ಮಾಡಿಸಿ. ಆಮೇಲೆ ಎರಡು ಮೂರು ಸಲ ಒಳಗಿನ ಹಕ್ಕಳೆ ತೆಗೆಸಬೇಕಾಗುತ್ತದೆ. ವಿಮಾನ ಹತ್ತುವ ದಿನವನ್ನೂ ಡಾಕ್ಟರನ್ನು ಕೇಳಿಯೇ ಗೊತ್ತು ಮಾಡಿ.

ಖರ್ಚಿಗೆ ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲು ಕೇಳಿ, ಬಿಲ್ ಕಟ್ಟುವಾಗಲ್ಲ.

ಹಂತ 7: ಕಿವಿಯಲ್ಲಿ ಮಾಂಸ ಕಂಡರೆ

ಮೂಗಿನ ದಶ ಬೆಳೆದು ಕಿವಿಗೆ ಬರುವುದಿಲ್ಲ. ಆದರೆ ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಳಿಗೆ ಇದೆ. ಅದು ಕಟ್ಟಿದರೆ ಕಿವಿ ಕೆಡಲು ಶುರು. ತಮಟೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಕೀವು ತುಂಬಿ, ತಮಟೆ ತೂತಾಗಿ, ಕಿವಿ ಸೋರುತ್ತದೆ. “ಚಿಕ್ಕಂದಿನಿಂದ ಸೋರುವುದು, ಅಭ್ಯಾಸ ಆಗಿಹೋಗಿದೆ” ಎನ್ನುವವರು ಎಷ್ಟು ಜನ! ವರ್ಷಗಟ್ಟಲೆ ಕೀವಿನಲ್ಲಿ ನೆಂದ ಪೊರೆ ಹುಣ್ಣಾಗುತ್ತದೆ. ಮಾಯದ ಗಾಯದಲ್ಲಿ ಕೆಂಪು ಮಾಂಸ ಎದ್ದು ಬರುತ್ತದಲ್ಲ, ಹಾಗೆಯೇ ಅಲ್ಲೂ ಏಳುತ್ತದೆ. ತಮಟೆಯ ತೂತಿನಿಂದ ಹೊರಗೆ ಇಣುಕುತ್ತದೆ. ಇದು ಮೂಗಿನದರ ಹಾಗೆ ಬಿಳುಪಲ್ಲ, ಕೆಂಪು. ಮುಟ್ಟಿದರೆ ರಕ್ತ.

ಕೆಲವರಲ್ಲಿ ಆ ಮಾಂಸ ಬರೀ ಪರದೆ, ಹಿಂದೆ ಬೇರೆ ಇರುತ್ತದೆ. ಹೊರಗಿನ ಚರ್ಮ ಒಳಗೆ ಸೇರಿ, ಸತ್ತ ಪದರಗಳು ಗಂಟಾಗಿ ಬೆಳೆಯುತ್ತವೆ. ಕೊಲೆಸ್ಟಿಯಟೋಮ ಎನ್ನುತ್ತಾರೆ. ಗೆದ್ದಲು ಮಾಡಿನ ಪಕಾಸು ತಿಂದ ಹಾಗೆ ಅದು ಸದ್ದಿಲ್ಲದೆ ಮೂಳೆ ತಿನ್ನುತ್ತದೆ. ಸೋರುವುದು ಸ್ವಲ್ಪವೇ, ನಾತ ಮಾತ್ರ ವಿಪರೀತ. ಪಕ್ಕದಲ್ಲೇ ಮುಖವನ್ನು ಆಡಿಸುವ ನರ, ತಲೆ ಸುತ್ತದಂತೆ ಕಾಯುವ ಅಂಗ, ಮೇಲೆ ತೆಳು ಮೂಳೆ, ಅದರಾಚೆ ಮಿದುಳು. ಹಾಗಾಗಿ ಕಿವಿಯ ಮಾಂಸವನ್ನು ಚಿಮಟ ಹಾಕಿ ಎಳೆಯುವ ಮಾತೇ ಇಲ್ಲ. ಅದು ಕೇಳಿಸುವ ಸಣ್ಣ ಮೂಳೆಗೋ ಆ ನರಕ್ಕೋ ಅಂಟಿಕೊಂಡಿರಬಹುದು. ಡಾಕ್ಟರೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಡಿಯೋಗ್ರಾಂ ಎಂಬ ಕೇಳುವ ಪರೀಕ್ಷೆ, ಬೇಕಾದರೆ ಸ್ಕ್ಯಾನ್ ಮಾಡಿಸಿಯೇ ಕೈಹಾಕುತ್ತಾರೆ. ಕೊಲೆಸ್ಟಿಯಟೋಮ ಇದ್ದರೆ ಕಿವಿಯ ಹಿಂದಿನ ಮೂಳೆಯ ಆಪರೇಶನ್ ಮಾಡಿಸದೆ ಹಾದಿಯಿಲ್ಲ.

ಮುಖ ಒಂದು ಬದಿಗೆ ಸೊಟ್ಟಗಾದರೆ, ತಲೆ ಗಿರ್ರನೆ ಸುತ್ತಿದರೆ, ಕಿವಿಯ ಹಿಂದೆ ಊದಿದರೆ, ಜ್ವರ, ವಾಂತಿ, ತಲೆನೋವು ಒಟ್ಟಿಗೆ ಬಂದರೆ ರಾತ್ರಿಯಾದರೂ ಸರಿ, ಹೊರಡಿ.

ಮನೆಯಲ್ಲಿ ಏನು ಮಾಡಬಾರದು? ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ ಬೇಡ. ಪಿನ್ನು, ಬಡ್ಸ್ ಬೇಡ. ಕಪಾಟಿನಲ್ಲಿ ಉಳಿದ ಹಳೇ ಡ್ರಾಪ್ಸ್ ಬೇಡ. ಜೆಂಟಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ತಮಟೆ ತೂತಾದ ಕಿವಿಗೆ ಹೋದರೆ ಕೇಳುವ ಶಕ್ತಿಗೇ ಪೆಟ್ಟು ಬೀಳಬಹುದು. ಖಾಲಿ ಬಾಟಲಿ ತಂದು “ಇದನ್ನೇ ಕೊಡಿ” ಎಂದರೆ ನಾನು ಕೊಡುವುದಿಲ್ಲ. ಡಾಕ್ಟರು ಈ ಸಲ ಬರೆದ ಡ್ರಾಪ್ಸನ್ನು ಅಂಗೈಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ ಬಿಡಿ, ತಣ್ಣಗಿದ್ದರೆ ತಲೆ ಸುತ್ತುತ್ತದೆ. ಬಿಟ್ಟ ಮೇಲೆ ಆ ಕಿವಿ ಮೇಲೆ ಮಾಡಿ ಸ್ವಲ್ಪ ಹೊತ್ತು ಮಲಗಿ. ಮೀಯುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಿ, ಒಳಗೆ ತುರುಕಬೇಡಿ. ಮಿಂದಾದ ಕೂಡಲೇ ತೆಗೆದು ಬಿಸಾಡಿ, ಒದ್ದೆ ಹತ್ತಿ ದಿನವಿಡೀ ಕಿವಿಯಲ್ಲಿ ಕೂರುವುದು ಬೇಡ. ಕೆರೆಗೆ ಹಾರುವುದು ಆ ಕಿವಿ ಒಣಗಿದೆ ಎಂದು ಡಾಕ್ಟರು ಹೇಳಿದ ಮೇಲೆ.